ಲಂಡನ್ ಆರ್ಕೆಸ್ಟ್ರಾ, ಮೈಸೂರಿನ ದುಡ್ಡು

ಭಾಗ 1

ಫೋಟೋದಲ್ಲಿರೋದು ಜಗನ್ಮೋಹನ ಅರಮನೆ. ಲಂಡನ್ ಬಗ್ಗೆ ಸರಣಿ ಅಂತ ಹೇಳಿ ಮೈಸೂರಿನ ಫೋಟೋ ಯಾಕೆ ಹಾಕ್ತಿದಾಳೆ ಇವಳು ಅಂತ ಕೇಳ್ಬೇಡಿ. ಒಂದು, ನಾನು ಲಂಡನ್ ನೋಡಿಲ್ಲ. ಎರಡು, ಈ ಕಥೆಯ ಅರ್ಧ ಶುರುವಾಗೋದೇ ನಮ್ಮೂರಲ್ಲಿ.

ಲಂಡನ್ನಿನಲ್ಲಿ ಫಿಲ್ಹಾರ್ಮೋನಿಯಾ ಅಂತ ಒಂದು ಸಿಂಫನಿ ಆರ್ಕೆಸ್ಟ್ರಾ ಇದೆ. 1945ರಲ್ಲಿ ಹುಟ್ಟಿದ್ದು, ಇವತ್ತಿಗೂ ನುಡಿಸ್ತಿದೆ. ಹಳೇ ಕನ್ನಡ ಸಿನಿಮಾ ಹಾಡು ಕೇಳೋರಿಗೆ ರಾಜನ್-ನಾಗೇಂದ್ರ ಅನ್ನೋ ಹೆಸರು ಹೇಗೋ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹಳೇ ರೆಕಾರ್ಡು ಹುಡುಕಿ ಕೇಳೋರಿಗೆ ಫಿಲ್ಹಾರ್ಮೋನಿಯಾ ಹಾಗೆ. ಕವರ್ ಮೇಲೆ ಆ ಹೆಸರಿದ್ರೆ ಸಾಕು, ಕೊಂಡ್ಕೋತಾರೆ.

ಆ ಆರ್ಕೆಸ್ಟ್ರಾ ಎಳೆಯದಾಗಿದ್ದಾಗ, ಇನ್ನೂ ಕಾಲೂರೋ ಹೊತ್ತಲ್ಲಿ, ಅದಕ್ಕೆ ಹಣ ಹೋಗಿದ್ದು ಮೈಸೂರಿಂದ. ಕೊಟ್ಟವರು ಮಹಾರಾಜ ಜಯಚಾಮರಾಜೇಂದ್ರ ಒಡೆಯರ್.

ಇಷ್ಟನ್ನ ನಮ್ಮೂರಲ್ಲಿ ತುಂಬಾ ಜನ ಹೇಳ್ತಾರೆ, ಎದೆ ಉಬ್ಬಿಸಿಕೊಂಡೇ ಹೇಳ್ತಾರೆ. ಆದ್ರೆ ಅಲ್ಲಿಗೇ ನಿಲ್ಲಿಸ್ತಾರೆ. ದುಡ್ಡು ಹೋಯ್ತು ಸರಿ, ಆಮೇಲೆ ಏನಾಯ್ತು? ಕಟ್ಟಿದವನೇ ಒಂದು ದಿನ ಆ ಆರ್ಕೆಸ್ಟ್ರಾಗೆ ಬೀಗ ಹಾಕ್ತೀನಿ ಅಂದಿದ್ದು ಎಷ್ಟು ಜನಕ್ಕೆ ಗೊತ್ತು? ಎಂಬತ್ತು ತೊಂಬತ್ತು ಜನ ಸೇರಿ ನುಡಿಸೋ ಒಂದು ಮೇಳ ಕೊನೆಗೂ ಯಾರದ್ದು? ಕಟ್ಟಿದವನದ್ದಾ, ಹಣ ಕೊಟ್ಟವರದ್ದಾ, ಮುಂದೆ ನಿಂತು ಕೋಲು ಆಡಿಸೋರದ್ದಾ, ಕೂತು ನುಡಿಸೋರದ್ದಾ? ಈ ಪ್ರಶ್ನೆ ನನ್ನ ತಲೇಲಿ ಯಾಕೆ ಕೂತಿದೆ ಅನ್ನೋದು ನನ್ನ ಕ್ಲಾಸಿನವರಿಗೆ ಗೊತ್ತು. ಉಳಿದವರಿಗೆ ಕೊನೇ ಭಾಗದಲ್ಲಿ ಗೊತ್ತಾಗುತ್ತೆ.

ಒಟ್ಟು ಎಂಟು ಭಾಗ. ಸೇವ್ ಮಾಡಿಟ್ಕೊಂಡು ನಿಧಾನಕ್ಕೆ ಓದಿ.

ಭಾಗ 2

ಫೋಟೋ: ನಮ್ಮ ಬೀದಿಯ ಹಿರಿಯರೊಬ್ಬರ ಮನೆಯ ರೆಕಾರ್ಡ್ ಪ್ಲೇಯರ್. ಮುಳ್ಳು ಬದಲಾಯಿಸಬೇಕಂತೆ, ಸಿಕ್ಕಿಲ್ಲವಂತೆ.

ವಾಲ್ಟರ್ ಲೆಗ್ ಅಂತ ಒಬ್ಬ ಇದ್ದ. ಹುಟ್ಟಿದ್ದು 1906ರಲ್ಲಿ. ಸಂಗೀತಗಾರ ಅಲ್ಲ, ವಾದ್ಯ ನುಡಿಸ್ತಿರಲಿಲ್ಲ. ಇಎಂಐ ಕಂಪನಿಯಲ್ಲಿ ರೆಕಾರ್ಡಿಂಗ್ ನಿರ್ಮಾಪಕ. ಆದ್ರೆ ಕಿವಿ ಅಂದ್ರೆ ಕಿವಿ. ಮೂರನೇ ಸಾಲಿನ ಪಿಟೀಲು ಒಂದು ಎಳೆ ತಪ್ಪಿದ್ರೂ ಹಿಡಿದುಬಿಡೋ ಜಾತಿ. ನಮ್ಮಲ್ಲೂ ಇರ್ತಾರಲ್ಲ, ಕಚೇರೀಲಿ ಮೊದಲ ಸಾಲಲ್ಲಿ ಕೂತು ತಾಳ ಹಾಕ್ತಾ, ಕಲಾವಿದರ ಎದೆ ಡವಗುಟ್ಟಿಸೋರು, ಅಂಥವನು.

ಯುದ್ಧ ಮುಗಿಯೋ ಹೊತ್ತಿಗೆ ಆತನಿಗೊಂದು ಆಸೆ. ಮುಖ್ಯವಾಗಿ ರೆಕಾರ್ಡಿಂಗಿಗೆ ಅಂತಲೇ ಒಂದು ಆರ್ಕೆಸ್ಟ್ರಾ ಕಟ್ಟಬೇಕು, ಅದರಲ್ಲಿ ಸುಮ್ನೆ ಕೂತು ಸಂಬಳ ಎಣಿಸೋರು ಒಬ್ಬರೂ ಇರಬಾರದು. ಸೇನೆಯ ಬ್ಯಾಂಡುಗಳಲ್ಲಿ ನುಡಿಸ್ತಿದ್ದ ಎಳೇ ಹುಡುಗರು ಆಗ ತಾನೇ ಬಿಡುಗಡೆಯಾಗಿ ಬರ್ತಿದ್ರು. ಅವರಲ್ಲಿ ಒಳ್ಳೊಳ್ಳೆಯವರನ್ನ ಹೆಕ್ಕಿಕೊಂಡ.

ಮೊದಲ ಕಚೇರಿ 1945ರ ಅಕ್ಟೋಬರ್ 27ರಂದು, ಕಿಂಗ್ಸ್‌ವೇ ಹಾಲ್‌ನಲ್ಲಿ. ಇಡೀ ಕಾರ್ಯಕ್ರಮ ಮೊಟ್ಸಾರ್ಟ್. ಕಂಡಕ್ಟರ್ ಸರ್ ಥಾಮಸ್ ಬೀಚಮ್. (ಕಂಡಕ್ಟರ್ ಅಂದ್ರೆ ಇಲ್ಲಿ ಟಿಕೆಟ್ ಹರಿಯೋರಲ್ಲ ಕಣ್ರೋ, ಕೈಯಲ್ಲಿ ಕೋಲು ಹಿಡಿದು ಇಡೀ ಮೇಳ ನಡೆಸೋರು. ಇದನ್ನ ಪ್ರತಿ ಸಲ ಹೇಳಬೇಕಾಗಿ ಬಂದಿದೆ.) ಬೀಚಮ್ ಅವತ್ತು ಪಡೆದ ಸಂಭಾವನೆ ಒಂದು ಸಿಗಾರ್!

ಆದ್ರೆ ಆ ಸಿಗಾರ್ ಹಿಂದೆ ಲೆಕ್ಕಾಚಾರ ಇತ್ತು. ಆರ್ಕೆಸ್ಟ್ರಾ ತನ್ನ ಕೈಗೆ ಬರಲಿ ಅಂತ ಬೀಚಮ್ ಆಸೆ. ಲೆಗ್ ಬಿಡಲಿಲ್ಲ. ಬೀಚಮ್ ಎದ್ದು ಹೋಗಿ 1946ರಲ್ಲಿ ರಾಯಲ್ ಫಿಲ್ಹಾರ್ಮೋನಿಕ್ ಅಂತ ಬೇರೆಯದೇ ಆರ್ಕೆಸ್ಟ್ರಾ ಕಟ್ಟಿದ್ರು. ಅದೂ ಈಗಲೂ ಇದೆ. ಒಂದು ಜಗಳದಿಂದ ಒಂದೇ ಊರಿಗೆ ಎರಡು ಆರ್ಕೆಸ್ಟ್ರಾ ಸಿಕ್ಕಿತು, ಲಾಭವೇ.

ಕಿಂಗ್ಸ್‌ವೇ ಹಾಲ್ ಬಗ್ಗೆ ಒಂದು ಮಾತು. ಅದು ಕಚೇರಿಗೆ ಅಂತ ಕಟ್ಟಿದ್ದಲ್ಲ, ಮೆಥಡಿಸ್ಟ್ ಕ್ರೈಸ್ತರ ಸಭಾಂಗಣ. ಮರದ ಇಳಿಜಾರು ನೆಲ, ಅದ್ಭುತ ನಾದ. ಒಂದೇ ತೊಂದರೆ: ಕೆಳಗಡೆ ಸುರಂಗದಲ್ಲಿ ಪಿಕಡಿಲಿ ಲೈನಿನ ರೈಲು ಓಡೋದು. ಹೆಡ್‌ಫೋನ್ ಹಾಕ್ಕೊಂಡು ಅಲ್ಲಿನ ಹಳೇ ರೆಕಾರ್ಡಿಂಗ್ ಕೇಳಿದ್ರೆ, ಮೆತ್ತಗೆ ನುಡಿಸೋ ಕಡೆ ಆ ಗುಡುಗುಡು ಕೇಳಿಸುತ್ತೆ. ಈಗ ಆ ಕಟ್ಟಡ ಇಲ್ಲ, ಕೆಡವಿದ್ದಾರೆ. ರೈಲಿನ ಸದ್ದು ಮಾತ್ರ ರೆಕಾರ್ಡಲ್ಲಿ ಉಳ್ಕೊಂಡಿದೆ.

ಭಾಗ 3

ಬೆಂಗಳೂರಿನ ಜೆ.ಸಿ. ರೋಡ್ ಗೊತ್ತಲ್ಲ? ನಮ್ಮೂರಿನ ಎಸ್‌ಜೆಸಿಇ? ಎರಡರಲ್ಲೂ ಇರೋ ಜೆ.ಸಿ. ಒಬ್ಬರೇ. 1919ರಲ್ಲಿ ಹುಟ್ಟಿ, ನಮ್ಮ ಮಹಾರಾಜಾ ಕಾಲೇಜಿನಲ್ಲೇ ಓದಿ 1938ರಲ್ಲಿ ಪದವಿ ಪಡೆದ ಜಯಚಾಮರಾಜೇಂದ್ರ ಒಡೆಯರ್.

ಪಿಯಾನೋ ಅವರಿಗೆ ಅರಮನೆಯ ಅಲಂಕಾರ ಆಗಿರಲಿಲ್ಲ. ನಿಜವಾಗಿಯೂ ಕಚೇರಿ ಪಿಯಾನೋ ವಾದಕ ಆಗಬೇಕು ಅಂತಿದ್ದ ಹುಡುಗ ಅವರು. ಆದ್ರೆ 1940ರಲ್ಲಿ ಮೊದಲು ತಂದೆ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ತೀರಿಕೊಂಡ್ರು. ಕೆಲವೇ ತಿಂಗಳಲ್ಲಿ ದೊಡ್ಡಪ್ಪ, ನಾಲ್ವಡಿ ಕೃಷ್ಣರಾಜ ಒಡೆಯರ್. ಇಪ್ಪತ್ತೊಂದನೇ ವಯಸ್ಸಿಗೆ ಪಟ್ಟ. ನಮಗಿಂತ ಒಂದು ವರ್ಷ ದೊಡ್ಡವರು ಅಷ್ಟೇ, ಯೋಚನೆ ಮಾಡಿ. ನಾವಿನ್ನೂ ಇಂಟರ್ನಲ್ಸ್ ಮಾರ್ಕ್ಸಿಗೆ ಒದ್ದಾಡ್ತಿದೀವಿ.

ಆದರೂ ಬಿಡಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದ್ರು, 1945ರಲ್ಲಿ ಟ್ರಿನಿಟಿ ಕಾಲೇಜ್ ಆಫ್ ಮ್ಯೂಸಿಕ್ ಗೌರವ ಫೆಲೋ ಮಾಡ್ಕೊಂಡಿತು. ಇನ್ನೊಂದು ಕಡೆ ವೀಣೆ ವೆಂಕಟಗಿರಿಯಪ್ಪನವರ ಹತ್ರ ವೀಣೆ ಕಲಿತ್ರು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ರಚಿಸಿದ್ರು. ಒಂದು ಕಲಿತರೆ ಇನ್ನೊಂದು ಕೆಡುತ್ತೆ ಅನ್ನೋ ಮೇಷ್ಟ್ರುಗಳಿಗೆ ಈ ಪ್ಯಾರಾ ಫಾರ್ವರ್ಡ್ ಮಾಡಿ.

ಇದೆಲ್ಲ ಶೂನ್ಯದಿಂದ ಬಂದಿದ್ದೂ ಅಲ್ಲ. ದೊಡ್ಡಪ್ಪನ ಕಾಲಕ್ಕೇ ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದದ ಜೊತೆ ಪಾಶ್ಚಾತ್ಯ ವಾದ್ಯವೃಂದವೂ ಇತ್ತು, ಜರ್ಮನಿಯ ಆಟ್ಟೊ ಸ್ಮಿಟ್ ಅದನ್ನ ನಡೆಸ್ತಿದ್ರು. ದಸರಾದಲ್ಲಿ ಪೊಲೀಸ್ ಬ್ಯಾಂಡ್ ನುಡಿಸೋದು ನೋಡಿದೀರಲ್ಲ, ಕರ್ನಾಟಿಕ್ ಬೇರೆ, ಇಂಗ್ಲಿಷ್ ಬೇರೆ? ಆ ಎರಡು ಕವಲು ಅಲ್ಲಿಂದಲೇ ಬಂದದ್ದು.

ಯುದ್ಧ ಮುಗಿದ ಮೇಲೆ ಲೆಗ್ ಮೈಸೂರಿಗೆ ಬಂದ. ಆತ ಆಮೇಲೆ ಬರೆದಿರೋ ನೆನಪುಗಳಲ್ಲಿ ಆ ಭೇಟಿಯ ಬೆರಗು ಕಾಣುತ್ತೆ. ಇನ್ನೂ ಮೂವತ್ತು ತುಂಬದ ರಾಜ, ಕೇಳಬೇಕಾದ ರೆಕಾರ್ಡೆಲ್ಲ ಇರೋ ಸಂಗ್ರಹ, ಸಾಲು ಸಾಲು ಸ್ಪೀಕರುಗಳು, ಕಚೇರಿ ಪಿಯಾನೋಗಳು. ಆತ ಕೆಲವು ವಾರ ಇಲ್ಲೇ ಉಳಿದ. ವಾಪಸ್ ಹೊರಡೋವಾಗ ಆತನ ಕೈಯಲ್ಲಿ ಒಂದು ಮಾತು ಇತ್ತು: ವರ್ಷಕ್ಕೆ 10,000 ಪೌಂಡ್, ಮೂರು ವರ್ಷ, ಫಿಲ್ಹಾರ್ಮೋನಿಯಾ ಗಟ್ಟಿಯಾಗಿ ನಿಲ್ಲೋಕೆ. 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾದವರು ಒಡೆಯರೇ.

ಕೊಟ್ಟು ಸುಮ್ಮನಾಗೋ ಪೈಕಿ ಅಲ್ಲ. ಯಾರೂ ರೆಕಾರ್ಡ್ ಮಾಡದ ಸಂಗೀತ ಬೇಕು ಅಂತಿದ್ರು. ರಷ್ಯಾದ ಬಾಲಕಿರೆವ್ ಬರೆದ ಮೊದಲ ಸಿಂಫನಿ, ಫ್ರಾನ್ಸಿನ ರೂಸೆಲ್ ಬರೆದ ನಾಲ್ಕನೇ ಸಿಂಫನಿ, ಇವನ್ನ 1949ರಲ್ಲಿ ಕಾರಾಯಾನ್ ನೇತೃತ್ವದಲ್ಲಿ ಫಿಲ್ಹಾರ್ಮೋನಿಯಾ ರೆಕಾರ್ಡ್ ಮಾಡಿತು. ಲಂಡನ್ನಿನ ಅಂಗಡಿಯಲ್ಲಿ ಯಾರೂ ಕೇಳ್ತಿರಲಿಲ್ಲ, ಮೈಸೂರಲ್ಲಿ ಒಬ್ಬರು ಕೇಳ್ತಿದ್ರು.

ಭಾಗ 4

ಈ ಭಾಗ ನನಗೆ ಅತೀ ಇಷ್ಟ, ಉದ್ದ ಆದ್ರೆ ಸಹಿಸ್ಕೊಳ್ಳಿ.

ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಸಂಯೋಜಕ, ದೊಡ್ಡ ಪಿಯಾನೋ ವಾದಕ, ರಹ್ಮಾನಿನೋವ್ ಅವರ ಗೆಳೆಯ. 1921ರಲ್ಲಿ ರಷ್ಯಾ ಬಿಟ್ರು. ಜರ್ಮನಿ, ಫ್ರಾನ್ಸ್ ಅಲೆದು 1935ರಲ್ಲಿ ಲಂಡನ್ ಸೇರಿದ್ರು. ಅವರು ಬರೀತಿದ್ದ ಸಂಗೀತ ಆ ಕಾಲಕ್ಕೆ ಹಳೇ ಫ್ಯಾಷನ್. ಕಚೇರಿ ಕಡಿಮೆ, ಪಾಠ ಹೇಳಿ ಜೀವನ. ಯುದ್ಧದ ವರ್ಷಗಳಲ್ಲಿ ಒಬ್ಬ ಶಿಷ್ಯೆಯ ಆಶ್ರಯದಲ್ಲಿ ಹಳ್ಳಿ ಕಡೆ ಇದ್ರು, ಅಲ್ಲೇ 1942ರಲ್ಲಿ ಹೃದಯಾಘಾತ ಆಯ್ತು. ಅಂಥ ಸ್ಥಿತಿಯಲ್ಲೇ ಮೂರನೇ ಪಿಯಾನೋ ಕನ್ಸರ್ಟೋ ಬರೆದು ಮುಗಿಸಿದ್ರು.

ಇಂಥವರ ಸಂಗೀತ ಏಳು ಸಮುದ್ರದಾಚೆ ಒಬ್ಬ ರಾಜ ಕೂತು ಕೇಳ್ತಿದ್ದ, ಇಷ್ಟಪಡ್ತಿದ್ದ. ಮೆಟ್ನರ್ ಸೊಸೈಟಿ ಅಂತ ಒಂದು ಸ್ಥಾಪಿಸಿ, ಇವರು ಬದುಕಿರೋವಾಗಲೇ, ಇವರ ಕೈಯಲ್ಲೇ ಇವರ ಸಂಗೀತ ರೆಕಾರ್ಡ್ ಆಗಬೇಕು ಅಂತ ಒಡೆಯರು ಹಣ ಕೊಟ್ರು. ಮೂರು ಕನ್ಸರ್ಟೋಗಳಲ್ಲೂ ಪಿಯಾನೋ ಮುಂದೆ ಕೂತಿದ್ದು ಮೆಟ್ನರ್, ಜೊತೆಗಿದ್ದಿದ್ದು ಫಿಲ್ಹಾರ್ಮೋನಿಯಾ. ವರ್ಷ 1947. ಆಮೇಲೆ ಹಾಡುಗಳು, ಸೊನಾಟಾಗಳು. ಹಿಸ್ ಮಾಸ್ಟರ್ಸ್ ವಾಯ್ಸ್ ಅವನ್ನ ಆಲ್ಬಮ್ಮುಗಳಾಗಿ ಹೊರತಂದಿತು. ಅದೇ, ನಾಯಿ ಗ್ರಾಮಫೋನ್ ಮುಂದೆ ಕೂತಿರೋ ಚಿತ್ರದ ಕಂಪನಿ.

ಮೆಟ್ನರ್ 1951ರ ನವೆಂಬರ್‌ನಲ್ಲಿ ತೀರಿಕೊಂಡ್ರು. ಲೆಕ್ಕ ಹಾಕಿ. ನಾಲ್ಕು ವರ್ಷ ತಡ ಆಗಿದ್ರೆ ಆ ಕನ್ಸರ್ಟೋಗಳು ಅವರ ಕೈಯಲ್ಲಿ ನಮಗೆ ಸಿಗ್ತಾನೇ ಇರಲಿಲ್ಲ.

ಮೂರನೇ ಕನ್ಸರ್ಟೋದ ಅಚ್ಚಾದ ಸ್ವರಲಿಪಿಯಲ್ಲಿ ಅರ್ಪಣೆ ಇದೆ, ಮೈಸೂರಿನ ಮಹಾರಾಜರಿಗೆ. ಅಂದ್ರೆ ಇವತ್ತು ಜಗತ್ತಿನ ಯಾವುದೇ ಮೂಲೆಯಲ್ಲಿ ಯಾವ ಪಿಯಾನೋ ವಿದ್ಯಾರ್ಥಿ ಆ ಪುಸ್ತಕ ತೆರೆದ್ರೂ ನಮ್ಮೂರಿನ ಹೆಸರು ಕಣ್ಣಿಗೆ ಬೀಳುತ್ತೆ. ಉಚ್ಚಾರಣೆ ಹೇಗೆ ಮಾಡ್ತಾರೋ ಆ ದೇವರೇ ಬಲ್ಲ.

ಕೇಳಿ: ಮೂರನೇ ಕನ್ಸರ್ಟೋ, ಮೆಟ್ನರ್, ಫಿಲ್ಹಾರ್ಮೋನಿಯಾ, ಕಂಡಕ್ಟರ್ ಇಸೈ ಡೊಬ್ರೊವೆನ್. ಮೊದಲ ಐದು ನಿಮಿಷ ಬೇರೇನೂ ಮಾಡದೆ ಕೇಳಿ. ರೀಲ್ಸ್ ಎಲ್ಲೂ ಓಡಿಹೋಗಲ್ಲ.

ಭಾಗ 5

1950ರ ಮೇ 22, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್.

ಹಿಂದಿನ ವರ್ಷ ಸೆಪ್ಟೆಂಬರಿನಲ್ಲಿ ಜರ್ಮನಿಯ ಸಂಯೋಜಕ ರಿಚರ್ಡ್ ಸ್ಟ್ರೌಸ್ 85ನೇ ವಯಸ್ಸಲ್ಲಿ ತೀರಿಕೊಂಡಿದ್ರು. ಫಿಲ್ಹಾರ್ಮೋನಿಯಾಗೆ ಅವರು ಅಪರಿಚಿತರಲ್ಲ. 1947ರ ಅಕ್ಟೋಬರಿನಲ್ಲಿ ಇದೇ ಹಾಲಲ್ಲಿ ಇದೇ ಆರ್ಕೆಸ್ಟ್ರಾ ಮುಂದೆ ನಿಂತು ತಮ್ಮ ಸಂಗೀತ ನಡೆಸಿದ್ರು. ಮಾರನೇ ವರ್ಷ ನಾಲ್ಕು ಹಾಡು ಬರೆದ್ರು, ಒಂಟಿ ಹೆಣ್ಣುದನಿ ಮತ್ತು ದೊಡ್ಡ ಆರ್ಕೆಸ್ಟ್ರಾಗೆ. ಮೂರಕ್ಕೆ ಹರ್ಮನ್ ಹೆಸ್ಸೆ ಕವಿತೆ, ಒಂದಕ್ಕೆ ಐಖೆನ್‌ಡಾರ್ಫ್. ವಸಂತ, ಸೆಪ್ಟೆಂಬರ್, ನಿದ್ದೆಗೆ ಜಾರೋದು, ಸಂಜೆಗೆಂಪು. ಸಾಯೋ ಮುಂಚೆ ಅವುಗಳನ್ನ ಅವರೇ ಕೇಳಲಿಲ್ಲ. ನಾರ್ವೆಯ ಗಾಯಕಿ ಕರ್ಸ್ಟೆನ್ ಫ್ಲಾಗ್‌ಸ್ಟಾಡ್ ಹಾಡಬೇಕು, ಒಳ್ಳೇ ಕಂಡಕ್ಟರ್, ಒಳ್ಳೇ ಆರ್ಕೆಸ್ಟ್ರಾ ಇರಬೇಕು ಅಂತ ಮಾತ್ರ ಇಷ್ಟ ಹೇಳಿ ಹೋಗಿದ್ರು.

ಹಾಗೇ ಆಯ್ತು. ಫ್ಲಾಗ್‌ಸ್ಟಾಡ್ ಹಾಡಿದ್ರು, ಫುರ್ಟ್‌ವೆಂಗ್ಲರ್ ನಡೆಸಿದ್ರು, ಫಿಲ್ಹಾರ್ಮೋನಿಯಾ ನುಡಿಸಿತು. ಕಾರ್ಯಕ್ರಮಕ್ಕೆ 4,800 ಡಾಲರ್ ಖಾತರಿ ಕೊಟ್ಟವರು ಜಯಚಾಮರಾಜೇಂದ್ರ ಒಡೆಯರ್. ಷರತ್ತು ಒಂದೇ: ನಾನು ಬರೋಕಾಗಲ್ಲ, ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಿ. ಆಗ ಅವರ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡು ಇದ್ದವು ಅಂತ ಅಂದಾಜು.

ಯುದ್ಧ ಮುಗಿದು ಐದೇ ವರ್ಷ. ಬಾಂಬು ಬಿದ್ದ ಲಂಡನ್ನಿನಲ್ಲಿ ಜರ್ಮನ್ ಭಾಷೆಯ ಹಾಡು, ಜರ್ಮನ್ ಕಂಡಕ್ಟರ್, ನಾರ್ವೆಯ ದನಿ. ನುಡಿಸೋರಲ್ಲಿ ಎಷ್ಟೋ ಜನ ನಿನ್ನೆ ಮೊನ್ನೆವರೆಗೆ ಬ್ರಿಟಿಷ್ ಸಮವಸ್ತ್ರ ಹಾಕಿದ್ದವರು. ಖರ್ಚಿಗೆ ಮೈಸೂರು. ಭಾರತ ಗಣರಾಜ್ಯ ಆಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ. ಒಡೆಯರು ಆಗ ಆಳೋ ರಾಜ ಅಲ್ಲ, ಹೊಸ ವ್ಯವಸ್ಥೆಯ ರಾಜಪ್ರಮುಖ.

ಅವತ್ತಿನ ರೆಕಾರ್ಡಿಂಗ್ ಇವತ್ತಿಗೂ ಸಿಗುತ್ತೆ. ಮೊದಲೇ ಹೇಳ್ತೀನಿ, ಸದ್ದು ಚೆನ್ನಾಗಿಲ್ಲ. ಹಂಚಿನ ಮನೆ ಮೇಲೆ ಮಳೆ ಸುರಿದಂಗೆ ಚರಚರ. ಆ ಮಳೆಯ ಹಿಂದೆ ಎಲ್ಲೋ ದೂರದಲ್ಲಿ ಒಂದು ದನಿ ಏಳುತ್ತೆ. ನಾನು ಹೊಸ, ಶುಭ್ರವಾದ ರೆಕಾರ್ಡಿಂಗುಗಳನ್ನೂ ಕೇಳಿದೀನಿ, ಅವೇ ಚೆನ್ನಾಗಿವೆ. ಆದ್ರೆ ಮತ್ತೆ ಮತ್ತೆ ಹಾಕ್ಕೊಳ್ಳೋದು ಇದನ್ನೇ.

ಭಾಗ 6

ನಾಲ್ಕನೇ ಭಾಗ ಓದಿ ಹೇಳಿದ್ದಕ್ಕೆ ನಮ್ಮಜ್ಜಿ ಕೇಳಿದ್ದು ಒಂದೇ ಪ್ರಶ್ನೆ. “ಅಷ್ಟು ದುಡ್ಡಲ್ಲಿ ಎಷ್ಟು ಕೆರೆ ಹೂಳೆತ್ತಬಹುದಿತ್ತೇ?”

ಲೆಕ್ಕ ಹಾಕ್ದೆ. ಆಗ ಒಂದು ಪೌಂಡಿಗೆ ಸುಮಾರು 13 ರೂಪಾಯಿ 33 ಪೈಸೆ ಲೆಕ್ಕ. 10,000 ಪೌಂಡ್ ಅಂದ್ರೆ 1 ಲಕ್ಷದ 33 ಸಾವಿರ ರೂಪಾಯಿ. ಮೂರು ವರ್ಷಕ್ಕೆ 4 ಲಕ್ಷ. ಆ ಕಾಲದ 4 ಲಕ್ಷ! ಎಷ್ಟು ಕೆರೆ ಅಂತ ಗೊತ್ತಿಲ್ಲ, ಒಂದೆರಡಲ್ಲ ಅನ್ನೋದು ಖಂಡಿತ.

ಜೊತೆಗೆ ಆ ಕಾಲ ಯಾವುದು ನೋಡಿ. 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’. ಜವಾಬ್ದಾರಿ ಸರ್ಕಾರ ಬೇಕು ಅಂತ ಜನ ಬೀದಿಗಿಳಿದಿದ್ರು, ವಿದ್ಯಾರ್ಥಿಗಳು ಮುಂದಿದ್ರು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಅದೇ ವರ್ಷ ಲಂಡನ್ನಿನಲ್ಲಿ ಮೆಟ್ನರ್ ಪಿಯಾನೋ ಮುಂದೆ ಕೂತಿದ್ರು. ಎರಡೂ ಒಂದೇ ಮಹಾರಾಜರ ಕಾಲದ ಸುದ್ದಿ. ಒಂದನ್ನ ಶಾಲೆಯ ಇತಿಹಾಸ ಪುಸ್ತಕ ಹೇಳುತ್ತೆ, ಇನ್ನೊಂದನ್ನ ರೆಕಾರ್ಡಿನ ಕವರ್ ಹೇಳುತ್ತೆ, ಎರಡನ್ನೂ ಒಂದೇ ಪುಟದಲ್ಲಿ ಹಾಕಿದವರು ನನಗೆ ಸಿಕ್ಕಿಲ್ಲ.

ನನ್ನ ಅನಿಸಿಕೆ ಹೇಳ್ಬಿಡ್ತೀನಿ, ಬೈಯೋರು ಕಾಮೆಂಟಿಗೆ ಬನ್ನಿ. ಆ ದುಡ್ಡು ವ್ಯರ್ಥ ಆಗಲಿಲ್ಲ. ರಾಜರು ಬೇಟೆಗೆ, ಕಾರಿಗೆ, ಕುದುರೆಗೆ ಸುರಿದಿದ್ದರ ಮುಂದೆ ಇದು ಯಾವ ಲೆಕ್ಕ. ಆದ್ರೆ ಅರಮನೆಗೆ ಹಣ ಬಂದಿದ್ದು ಆಕಾಶದಿಂದಲ್ಲ. ಕಂದಾಯ ಕಟ್ಟಿದವರು ಮಂಡ್ಯ, ಹಾಸನ, ಚಿತ್ರದುರ್ಗದ ಕಡೆಯ ರೈತರು, ನಮ್ಮಜ್ಜಿಯ ಅಪ್ಪನಂಥೋರು. ಅವರ್ಯಾರೂ ಪಿಯಾನೋ ಮುಟ್ಟಿರಲಿಲ್ಲ. ಹಾಗಾಗಿ ‘ನಮ್ಮ ಮಹಾರಾಜರು ಕೊಟ್ಟರು’ ಅಂತ ಹೆಮ್ಮೆಪಡೋವಾಗ ನಾನು ಒಂದು ಸಾಲು ಸೇರಿಸ್ಕೋತೀನಿ: ನಮ್ಮ ಮುತ್ತಜ್ಜನೂ ಕೊಟ್ಟ, ಯಾರೂ ಅವನನ್ನ ಕೇಳಲಿಲ್ಲ.

ಇದನ್ನ ಓದಿ ಹೇಳಿದಾಗ ಅಜ್ಜಿ, “ಹಂಗಾದ್ರೆ ಆ ಪಾಟೆ ಹಾಕು, ನಮ್ ದುಡ್ಡು ಎಂಗದೆ ಕೇಳಾನ” ಅಂದ್ರು. ಮೆಟ್ನರ್ ಹಾಕ್ದೆ. ಮೂರು ನಿಮಿಷಕ್ಕೆ ತೂಕಡಿಸಿದ್ರು.

ಭಾಗ 7

ಮೂರು ವರ್ಷದ ಒಪ್ಪಂದ ಮುಗಿಯೋ ಹೊತ್ತಿಗೆ ಆರ್ಕೆಸ್ಟ್ರಾ ತನ್ನ ಕಾಲ ಮೇಲೆ ನಿಂತಿತ್ತು. ಎಲ್‌ಪಿ ರೆಕಾರ್ಡು ಬಂದಿತ್ತು. ನಾಲ್ಕೈದು ನಿಮಿಷಕ್ಕೊಮ್ಮೆ ತಿರುಗಿಸಿ ಹಾಕಬೇಕಿದ್ದ ತಟ್ಟೆ ಹೋಗಿ, ಒಂದು ಬದಿಗೆ ಇಪ್ಪತ್ತು ನಿಮಿಷದ ಮೇಲೆ ಸಂಗೀತ ಬರೋ ತಟ್ಟೆ. ಎಲ್ಲಾನೂ ಹೊಸದಾಗಿ ರೆಕಾರ್ಡ್ ಮಾಡಬೇಕು. ಲೆಗ್‌ಗೆ ಬೇಕಾಗಿದ್ದೇ ಅದು.

1952ರ ಸೆಪ್ಟೆಂಬರ್ 29 ಮತ್ತು ಅಕ್ಟೋಬರ್ 1ರಂದು ಮುದುಕ ಟೊಸ್ಕನಿನಿ ರಾಯಲ್ ಫೆಸ್ಟಿವಲ್ ಹಾಲಿಗೆ ಬಂದು ಬ್ರಾಮ್ಸ್‌ನ ನಾಲ್ಕೂ ಸಿಂಫನಿ ನಡೆಸಿದ್ರು. ವಯಸ್ಸು 85. ನಾಲ್ಕನೇ ಸಿಂಫನಿಯ ಕೊನೇ ಭಾಗದಲ್ಲಿ ಹೊರಗೆ ಯಾರೋ ಪಟಾಕಿ ಹಚ್ಚಿದ್ರು. ರೆಕಾರ್ಡಿಂಗಲ್ಲಿ ಢಂ ಢಂ ಸ್ಪಷ್ಟ ಕೇಳುತ್ತೆ. ಮುದುಕ ಕದಲಲಿಲ್ಲ, ಆರ್ಕೆಸ್ಟ್ರಾನೂ ಕದಲಲಿಲ್ಲ.

ಈ ಆರ್ಕೆಸ್ಟ್ರಾದಲ್ಲಿ ಒಬ್ಬ ಹುಡುಗ ಇದ್ದ, ಡೆನ್ನಿಸ್ ಬ್ರೇನ್. ಫ್ರೆಂಚ್ ಹಾರ್ನ್ ವಾದಕ. ಸುರುಳಿ ಸುತ್ತಿದ ಹಿತ್ತಾಳೆ ವಾದ್ಯ, ಅಪಸ್ವರ ಬರೋದೇ ಜಾಸ್ತಿ ಅಂತ ಹೆದರೋ ವಾದ್ಯ. ಇವನು ಮಾತಾಡಿದಂಗೆ ನುಡಿಸ್ತಿದ್ದ. 1953ರಲ್ಲಿ ಕಾರಾಯಾನ್ ಜೊತೆ ಮೊಟ್ಸಾರ್ಟ್‌ನ ನಾಲ್ಕು ಹಾರ್ನ್ ಕನ್ಸರ್ಟೋ ರೆಕಾರ್ಡ್ ಮಾಡಿದಾಗ ಸ್ಟ್ಯಾಂಡಿನ ಮೇಲೆ ಸ್ವರಲಿಪಿ ಬದಲು ಕಾರಿನ ಪತ್ರಿಕೆ ಇಟ್ಕೊಂಡಿದ್ದ ಅನ್ನೋದು ಪ್ರಸಿದ್ಧ ಕಥೆ. ಕಾರಿನ ಹುಚ್ಚು ಅವನಿಗೆ. 1957ರ ಆಗಸ್ಟ್ 31ರ ರಾತ್ರಿ ಎಡಿನ್‌ಬರೋದಲ್ಲಿ ಕಚೇರಿ ಮುಗಿಸಿ ರಾತ್ರಿಯೆಲ್ಲಾ ಕಾರು ಓಡಿಸ್ಕೊಂಡು ಹೊರಟ. ಬೆಳಗಿನ ಜಾವ ಲಂಡನ್ ಇನ್ನೇನು ಹತ್ತಿರ ಅನ್ನುವಾಗ ಮರಕ್ಕೆ ಗುದ್ದಿತು. 36 ವರ್ಷ.

ಬೇಗ ಹೇಳಿ ಮುಂದೆ ಹೋಗ್ತೀನಿ. ಅವನ ಮೊಟ್ಸಾರ್ಟ್ ಕೇಳಿ, ನಾನು ಹೆಚ್ಚು ಬರೆಯೋದಿಲ್ಲ.

ಕಾರಾಯಾನ್ ವಿಷಯ ಬಂತಲ್ಲ. ಆತ ನಾತ್ಸಿ ಪಕ್ಷದ ಸದಸ್ಯರಾಗಿದ್ದವರು. ಲಂಡನ್ನಿನ ಹುಡುಗರು ಅವರ ಕೈಕೆಳಗೆ ನುಡಿಸಿದ್ರು, ಅವರಿಂದ ಕಲಿತ್ರು ಕೂಡ. ಆದ್ರೆ 1955ರ ಅಮೆರಿಕ ಪ್ರವಾಸದಲ್ಲಿ ಅವರು ಆರ್ಕೆಸ್ಟ್ರಾ ಜೊತೆ ಒರಟಾಗಿ ನಡ್ಕೊಂಡಾಗ ಪೀಟರ್ ಗಿಬ್ಸ್ ಅನ್ನೋ ಪಿಟೀಲುವಾದಕ ಎದ್ದು ನಿಂತು ಎಲ್ಲರ ಮುಂದೆ ಕೇಳೇಬಿಟ್ರು. ಗಿಬ್ಸ್ ಯುದ್ಧದಲ್ಲಿ ಸ್ಪಿಟ್‌ಫೈರ್ ವಿಮಾನ ಹಾರಿಸಿದ್ದವರು. ಕೋಲು ಹಿಡಿದವರಿಗೆ ಹೆದರೋ ಕಾಲ ಅವರ ಪಾಲಿಗೆ ಮುಗಿದಿತ್ತು ಅನ್ಸುತ್ತೆ.

ಭಾಗ 8

ಫೋಟೋ: ನಮ್ಮ ಪ್ರಾಕ್ಟೀಸ್ ರೂಮಿನ ಬಾಗಿಲು. ಹೌದು, ಬೀಗ ಹಾಕಿರೋದೇ.

1959ರಿಂದ ಫಿಲ್ಹಾರ್ಮೋನಿಯಾಗೆ ಆಜೀವ ಮುಖ್ಯ ಕಂಡಕ್ಟರ್ ಆಟ್ಟೊ ಕ್ಲೆಂಪರರ್. 1885ರಲ್ಲಿ ಹುಟ್ಟಿದ ಯಹೂದಿ, ಹಿಟ್ಲರ್ ಬಂದ ಕೂಡಲೇ ದೇಶ ಬಿಟ್ಟವರು. 1939ರಲ್ಲಿ ಮೆದುಳಿನ ಗೆಡ್ಡೆಗೆ ಶಸ್ತ್ರಚಿಕಿತ್ಸೆ ಆಗಿ ಮೈಯ ಒಂದು ಭಾಗ ಸ್ವಾಧೀನ ತಪ್ಪಿತ್ತು. 1958ರಲ್ಲಿ ಹಾಸಿಗೆಯಲ್ಲಿ ಪೈಪ್ ಸೇದುತ್ತಾ ಬೆಂಕಿ ಹತ್ತಿಸ್ಕೊಂಡ್ರು. ಆರಿಸೋಕೆ ಕೈಗೆ ಸಿಕ್ಕ ಬಾಟಲಿ ಸುರಿದ್ರು, ಅದು ಕರ್ಪೂರದ ಸ್ಪಿರಿಟ್. ಸುಟ್ಟ ಗಾಯ ವಾಸಿಯಾಗೋಕೆ ಎಷ್ಟೋ ತಿಂಗಳು. ಮತ್ತೆ ಬಂದು ಕೂತೇ ಬೇಥೊವೆನ್ ನಡೆಸಿದ್ರು. ಈ ಮನುಷ್ಯನಿಗೇ ಬೇರೊಂದು ಸರಣಿ ಬೇಕು.

1964ರ ಮಾರ್ಚ್ 10. ಲೆಗ್ ಪತ್ರಿಕೆಗಳಿಗೆ ಹೇಳಿಕೆ ಕೊಟ್ಟ: ಫಿಲ್ಹಾರ್ಮೋನಿಯಾವನ್ನ ಅನಿರ್ದಿಷ್ಟ ಕಾಲ ನಿಲ್ಲಿಸಲಾಗುತ್ತೆ. ಗುಣಮಟ್ಟ ಕಾಪಾಡೋದು ಕಷ್ಟ ಆಗ್ತಿದೆ, ಕೆಳಗಿಳಿದ ಆರ್ಕೆಸ್ಟ್ರಾಗಿಂತ ಇಲ್ಲದ ಆರ್ಕೆಸ್ಟ್ರಾನೇ ಮೇಲು ಅನ್ನೋ ಧಾಟಿ. ಆತನ ಪಾಲಿಗೆ ಅದು ಪ್ರಾಮಾಣಿಕ ಮಾತೇ ಇರಬಹುದು. ಹೆಸರು ಆತನದ್ದು, ಕಂಪನಿ ಆತನದ್ದು, ಬೀಗದ ಕೈ ಆತನದ್ದು.

ನುಡಿಸೋರು ಒಪ್ಪಲಿಲ್ಲ. ಒಂದು ಕಡೆ ಸೇರಿದ್ರು, ತಾವೇ ನಡೆಸ್ತೀವಿ ಅಂತ ತೀರ್ಮಾನ ಮಾಡಿದ್ರು. ತಮ್ಮೊಳಗೇ ಒಂದು ಮಂಡಳಿ, ಅದಕ್ಕೆ ಮೊದಲ ಅಧ್ಯಕ್ಷ ಬರ್ನಾರ್ಡ್ ವಾಲ್ಟನ್. ಕ್ಲಾರಿನೆಟ್ ವಾದಕ, ವ್ಯಾಪಾರಸ್ಥ ಅಲ್ಲ. ಹಳೇ ಹೆಸರು ಇಟ್ಕೊಳ್ಳೋಕೆ ಆಗಲಿಲ್ಲ, ‘ನ್ಯೂ ಫಿಲ್ಹಾರ್ಮೋನಿಯಾ’ ಅಂತ ಇಟ್ಕೊಂಡ್ರು. 79 ವರ್ಷದ ಕ್ಲೆಂಪರರ್ ಬೀಗ ಹಾಕಿದವನ ಕಡೆ ನಿಲ್ಲಲಿಲ್ಲ, ಇವರ ಕಡೆ ನಿಂತ್ರು. ಗೌರವ ಅಧ್ಯಕ್ಷರಾದ್ರು. ಅದೇ ಅಕ್ಟೋಬರ್ 27ರಂದು, ಕಿಂಗ್ಸ್‌ವೇ ಹಾಲಿನ ಮೊದಲ ಕಚೇರಿಗೆ ಸರಿಯಾಗಿ 19 ವರ್ಷ ತುಂಬಿದ ದಿನ, ಆಲ್ಬರ್ಟ್ ಹಾಲಿನಲ್ಲಿ ಬೇಥೊವೆನ್‌ನ ಒಂಬತ್ತನೇ ಸಿಂಫನಿ. ಲೆಗ್ ಅದೇ ವರ್ಷ ಇಎಂಐ ಕೂಡ ಬಿಟ್ಟ. ಒಡೆಯರು ಅದೇ ವರ್ಷ ಇಲ್ಲಿನ ರಾಜ್ಯಪಾಲರ ಹುದ್ದೆ ಬಿಟ್ಟು ಮದ್ರಾಸಿಗೆ ರಾಜ್ಯಪಾಲರಾಗಿ ಹೋದ್ರು. ಕಟ್ಟಿದವನೂ ಇಲ್ಲ, ಕೊಟ್ಟವರೂ ಇಲ್ಲ. ನುಡಿಸೋರು ಇದ್ರು.

ಹಳೇ ಹೆಸರು ವಾಪಸ್ ಸಿಕ್ಕಿದ್ದು 1977ರಲ್ಲಿ. ಹದಿಮೂರು ವರ್ಷ ಆ ‘ನ್ಯೂ’ ಹೊತ್ಕೊಂಡೇ ನುಡಿಸಿದ್ರು. ಈಗಲೂ ಅದು ವಾದಕರೇ ನಡೆಸೋ ಆರ್ಕೆಸ್ಟ್ರಾ, 1995ರಿಂದ ರಾಯಲ್ ಫೆಸ್ಟಿವಲ್ ಹಾಲ್ ಅದರ ನೆಲೆ.

ಈಗ ನಮ್ಮ ವಿಷಯ. ನಾವು 14 ಜನ. ಏಳು ಪಿಟೀಲು, ಎರಡು ಕೊಳಲು, ಒಂದು ಕ್ಲಾರಿನೆಟ್, ಇಬ್ಬರು ಕೀಬೋರ್ಡು, ಒಂದು ಗಿಟಾರ್, ಒಂದೇ ಒಂದು ಚೆಲ್ಲೊ. ಎರಡು ವರ್ಷದಿಂದ ರೂಮು, ಚೆಲ್ಲೊ ಎರಡನ್ನೂ ಕೊಟ್ಟಿದ್ದವರು ಈ ವರ್ಷದಿಂದ ಆಗಲ್ಲ ಅಂದಿದ್ದಾರೆ. ಚೆಲ್ಲೊ ತಿಂಗಳ ಕೊನೆಗೆ ವಾಪಸ್ ಕೊಡಬೇಕು. ಗುಂಪು ಇಲ್ಲಿಗೆ ಮುಗೀತು ಅಂತ ನಮಗಿಂತ ಮುಂಚೆ ಬೇರೆಯವರೇ ಸ್ಟೇಟಸ್ ಹಾಕಿದಾರೆ. ಬೀಳ್ಕೊಡುಗೆ ಕೇಕ್ ಬೇಕಾ ಅಂತಾನೂ ಒಬ್ಬರು ಕೇಳಿದ್ರು.

ಲೆಕ್ಕ ಇದು: ಕುವೆಂಪುನಗರದ ಕಡೆ ಒಂದು ಮನೆ ಮಹಡಿ ವಾರಕ್ಕೆ ಎರಡು ಸಂಜೆ ಸಿಗುತ್ತೆ, ಚೆಲ್ಲೊ ಬಾಡಿಗೆಗೆ ಸಿಗುತ್ತೆ. ಎರಡೂ ಸೇರಿ ತಿಂಗಳಿಗೆ 4,200. ತಲಾ 300. ಇಬ್ಬರಿಗೆ ಕಷ್ಟ ಅಂತ ಗೊತ್ತು, ಅವರ ಪಾಲು ಉಳಿದವರು ಹಂಚ್ಕೊಂಡ್ರೆ ತಲಾ 350. ನಮ್ಮಜ್ಜಿ ಮೊದಲ ತಿಂಗಳ ನನ್ನ ಪಾಲು ಕೊಟ್ಟಾಗಿದೆ, “ಈ ಸಲ ನನ್ನ ಕೇಳಿ ಇಸ್ಕೊಂಡೆಯಲ್ಲ” ಅಂದ್ರು.

ಶನಿವಾರ ಸಂಜೆ ನಾಲ್ಕಕ್ಕೆ ಆ ಮಹಡಿಯಲ್ಲೇ ಸೇರೋಣ. ವಿಳಾಸ ಗ್ರೂಪಲ್ಲಿ ಹಾಕಿದೀನಿ. ಮೊದಲು ನುಡಿಸೋದು, ಮಾತು ಆಮೇಲೆ. ಕೆಳಗಿನ ಮನೆಯವರಿಗೆ ಎಂಟೂವರೆಗೆ ಸೀರಿಯಲ್ ಇದೆಯಂತೆ, ಅಷ್ಟರೊಳಗೆ ಮುಗಿಸಬೇಕು. ಮನೇಲಿ ಮ್ಯೂಸಿಕ್ ಸ್ಟ್ಯಾಂಡ್ ಇರೋರು ತನ್ನಿ, ಇರೋದು ಒಂಬತ್ತೇ.